ನಡತೆಯನ್ನು ತಿದ್ದುವ ಅಧಿಕಾರ ಯಾರದು? ಅಮೆರಿಕೆಯ ಶಾಲೆಗಳಿಂದ ಬಂದ ಒಂದು ಪ್ರಶ್ನೆ

ಕಳೆದ ಮಳೆಗಾಲದಲ್ಲಿ ಒಂದು ಸಂಜೆ, ಮಕ್ಕಳೆಲ್ಲ ಮನೆಗೆ ಹೋದ ಮೇಲೆ, ನಮ್ಮ ಶಾಲೆಯ ಹಳೆಯ ವಿದ್ಯಾರ್ಥಿನಿಯೊಬ್ಬಳ ತಂದೆಯವರು ಒದ್ದೆ ಕೊಡೆಯನ್ನು ಜಗಲಿಯಲ್ಲಿ ಬಿಡಿಸಿಟ್ಟು ನನ್ನ ಕೊಠಡಿಯೊಳಗೆ ಬಂದರು. ಅವರ ಮಗಳು ಇಲ್ಲಿಯೇ ಏಳನೆಯ ತರಗತಿಯವರೆಗೆ ಓದಿ, ಮುಂದೆ ಇಂಜಿನಿಯರಿಂಗ್ ಮುಗಿಸಿ, ಈಗ ಗಂಡನೊಡನೆ ಅಮೆರಿಕೆಯ ಕ್ಯಾಲಿಫೋರ್ನಿಯದಲ್ಲಿ ನೆಲೆಸಿದ್ದಾಳೆ. ಅವಳ ಮಗನು ಅಲ್ಲಿನ ಸರಕಾರಿ ಶಾಲೆಯಲ್ಲಿ ಎರಡನೆಯ ತರಗತಿಯಲ್ಲಿದ್ದಾನೆ. ಆಟಿಸಂ, ಅಂದರೆ ಈಚೆಗೆ ನಮ್ಮವರು ಸ್ವಲೀನತೆ ಎಂದು ಕರೆಯುತ್ತಿರುವ ಸ್ಥಿತಿ, ಅವನಿಗಿದೆಯೆಂದು ಹಿಂದಿನ ವರ್ಷವೇ ತಿಳಿದಿತ್ತು. ಈಗ ಶಾಲೆಯಿಂದ ಕಾಗದವೊಂದು ಬಂದಿತ್ತು. ಹುಡುಗನು ತರಗತಿಯಲ್ಲಿ ಕಿರಿಚಿ ಮೇಜಿನಡಿಗೆ ನುಗ್ಗುತ್ತಾನೆಂದೂ, ಅವನ ವರ್ತನೆಯನ್ನು ತಜ್ಞರಿಂದ ಪರಿಶೀಲಿಸಬೇಕಾಗಿದೆಯೆಂದೂ, ಅದಕ್ಕೆ ತಂದೆತಾಯಿಗಳ ಒಪ್ಪಿಗೆಯ ಸಹಿ ಬೇಕೆಂದೂ ಅದರಲ್ಲಿ ಬರೆದಿತ್ತು.

"ಸಹಿ ಹಾಕಬೇಕೋ ಬೇಡವೋ ಎಂದು ಮಗಳು ಕೇಳುತ್ತಾಳೆ, ಮಾಸ್ತ್ರೇ. ಹುಡುಗನಿಗೆ ತಲೆ ಸರಿಯಿಲ್ಲವೆಂದು ಬರೆದುಬಿಡುತ್ತಾರೆಯೆ?" ಎಂದು ಆ ಹಿರಿಯರು ಕೇಳಿದರು.

ನಾನು ಒಡನೆಯೇ ಉತ್ತರ ಹೇಳಲಾರದೆ ಹೋದೆನು. ಕಾಗದವನ್ನು ಇಟ್ಟುಹೋಗಿರೆಂದೆ. ಆ ಬಳಿಕ ಕೆಲವು ವಾರಗಳ ಕಾಲ ನಾನು ಓದಿ ತಿಳಿದುಕೊಂಡುದನ್ನು ಅವರ ಅನುಮತಿಯನ್ನು ಪಡೆದು ಇಲ್ಲಿ ಬರೆಯುತ್ತಿದ್ದೇನೆ. ವಿಷಯವು ಪರದೇಶದ್ದಾದರೂ, ನಮ್ಮ ತರಗತಿಗಳ ಬಾಗಿಲಿನವರೆಗೆ ಬಂದು ನಿಲ್ಲುವಂಥದು.

ಮೊದಲು ಒಂದು ಮಾತಿನ ಗೊಂದಲವನ್ನು ಕಳೆಯಬೇಕು. ನಮ್ಮಲ್ಲಿ 'ಪಬ್ಲಿಕ್ ಸ್ಕೂಲ್' ಎಂದರೆ ಹೆಚ್ಚು ಶುಲ್ಕದ ಖಾಸಗಿ ಶಾಲೆಯೆಂಬ ಭಾವನೆಯುಂಟು. ಅಮೆರಿಕೆಯಲ್ಲಿ ಅದೇ ಹೆಸರು ಸಾರ್ವಜನಿಕರ ತೆರಿಗೆಯಿಂದ ನಡೆಯುವ, ಎಲ್ಲ ಮಕ್ಕಳಿಗೂ ತೆರೆದಿರುವ ಶಾಲೆಗೆ ಸಲ್ಲುತ್ತದೆ. ಅಂತಹ ಶಾಲೆಗಳಲ್ಲಿ 'ವರ್ತನಾ ವಿಶ್ಲೇಷಣೆ' ಎಂಬ ಕೆಲಸವನ್ನು ಯಾರು ಮಾಡಬಹುದು, ಯಾವ ಕಟ್ಟಳೆಗೊಳಪಟ್ಟು ಮಾಡಬೇಕು ಎಂಬುದೇ ಈ ಲೇಖನದ ವಿಚಾರ.

ವರ್ತನಾ ವಿಶ್ಲೇಷಣೆಯೆಂದರೇನು? ಶಿಕ್ಷಕ ತರಬೇತಿಯನ್ನು ಪಡೆದವರೆಲ್ಲರೂ ಥಾರ್ನ್‌ಡೈಕನ ಬೆಕ್ಕಿನ ಕಥೆಯನ್ನು ಓದಿಯೇ ಇರುತ್ತಾರೆ. ಪೆಟ್ಟಿಗೆಯೊಳಗೆ ಸಿಕ್ಕಿಬಿದ್ದ ಬೆಕ್ಕು ಹೇಗೋ ಅಗಳಿಯನ್ನು ತೆಗೆದು ಹೊರಬಂದು ಆಹಾರವನ್ನು ಪಡೆದರೆ, ಮುಂದಿನ ಸಲ ಇನ್ನೂ ಬೇಗನೆ ಅದೇ ಕೆಲಸವನ್ನು ಮಾಡುವುದು. ಸುಖಫಲವನ್ನು ತಂದ ಕ್ರಿಯೆ ಮರುಕಳಿಸುವುದು ಎಂಬುದು 1898ರ ಆ ಪ್ರಯೋಗಗಳ ತಾತ್ಪರ್ಯ. ಬಿ. ಎಫ್. ಸ್ಕಿನ್ನರ್ (1904-1990) ಎಂಬ ಮನಶ್ಶಾಸ್ತ್ರಜ್ಞನು ಈ ತತ್ತ್ವವನ್ನು ಇಲಿ ಪಾರಿವಾಳಗಳ ಮೇಲೆ ಬಹು ಸೂಕ್ಷ್ಮವಾಗಿ ಪರೀಕ್ಷಿಸಿದನು. ಆತನು 1953ರಲ್ಲಿ ತನ್ನ ಮಗಳ ನಾಲ್ಕನೆಯ ತರಗತಿಯ ಗಣಿತ ಪಾಠವನ್ನು ನೋಡಲು ಹೋಗಿದ್ದನಂತೆ. ತಾವು ಬರೆದ ಉತ್ತರ ಸರಿಯೋ ತಪ್ಪೋ ಎಂಬುದು ಮಕ್ಕಳಿಗೆ ಆ ಕ್ಷಣದಲ್ಲಿ ತಿಳಿಯುತ್ತಿರಲಿಲ್ಲ. ತಿಳಿದವನೂ ತಿಳಿಯದವನೂ ಒಂದೇ ವೇಗದಲ್ಲಿ ಸಾಗಬೇಕಾಗಿತ್ತು. ಅದನ್ನು ಕಂಡು ಮನನೊಂದು ಆತನು ಬೋಧನಯಂತ್ರವೊಂದನ್ನು ರಚಿಸತೊಡಗಿದನು. ಗಣಿತದ ಗಂಟೆಯ ಸಂಕಟವು ಎಲ್ಲ ದೇಶಗಳಿಗೂ ಸಮಾನವೆಂದು ಇದನ್ನೋದಿ ನನಗೆ ತುಸು ಸಮಾಧಾನವೇ ಆಯಿತು.

ಪ್ರಯೋಗಶಾಲೆಯ ಈ ವಿದ್ಯೆಯು ಶಾಲೆ, ಆಸ್ಪತ್ರೆಗಳಿಗೆ ಬಂದು, 1968ರಲ್ಲಿ ಅದಕ್ಕೆ ಮೀಸಲಾದ ಪತ್ರಿಕೆಯೊಂದು ಹೊರಟಿತು. ಅದರ ಮೂಲಸೂತ್ರವು ಸರಳವಾದುದು. ಒಂದು ವರ್ತನೆಯ ಮುಂಚೆ ಏನು ನಡೆಯಿತು, ವರ್ತನೆ ಏನು, ಅದರ ನಂತರ ಏನು ದೊರಕಿತು, ಈ ಮೂರನ್ನೂ ಕಣ್ಣಾರೆ ಕಂಡು ಬರೆದಿಡಬೇಕು. ಮಗುವು 'ಹಟಮಾರಿ', 'ಪೋಕರಿ' ಎಂದು ಹೆಸರಿಟ್ಟರೆ ಏನೂ ತಿಳಿದಂತಾಗುವುದಿಲ್ಲ. ಆ ವರ್ತನೆಯಿಂದ ಮಗುವಿಗೆ ದೊರಕುವುದೇನು ಎಂಬುದೇ ಮುಖ್ಯ. ಇತರರ ಗಮನವೋ, ಬೇಕಾದ ವಸ್ತುವೋ, ಕಷ್ಟದ ಕೆಲಸದಿಂದ ಬಿಡುಗಡೆಯೋ, ಇಲ್ಲವೆ ತನ್ನ ದೇಹಕ್ಕಾಗುವ ಯಾವುದೋ ಹಿತವೋ? ತಮ್ಮನ್ನು ತಾವೇ ಹೊಡೆದುಕೊಳ್ಳುವ ಮಕ್ಕಳನ್ನು ಪರೀಕ್ಷಿಸಿ 1982ರಲ್ಲಿ ಇವಾಟ ಮತ್ತು ಸಂಗಡಿಗರು ಪ್ರಕಟಿಸಿದ ಅಧ್ಯಯನವು ಇದನ್ನು ತೋರಿಸಿಕೊಟ್ಟಿತು. ಹೊರನೋಟಕ್ಕೆ ಒಂದೇ ಬಗೆಯ ವರ್ತನೆಗೆ ಬೇರೆ ಬೇರೆ ಮಕ್ಕಳಲ್ಲಿ ಬೇರೆ ಬೇರೆ ಕಾರಣಗಳಿರುತ್ತವೆ. ಆದುದರಿಂದ ಒಬ್ಬನಿಗೆ ಹಿಡಿಸಿದ ಮದ್ದು ಮತ್ತೊಬ್ಬನಿಗೆ ವಿಷವಾಗಬಹುದು.

ಇಲ್ಲಿ ನನ್ನ ತಪ್ಪೊಂದನ್ನು ಹೇಳಿಕೊಳ್ಳಲೇಬೇಕು. ನಾನು ಸಹಾಯಕ ಉಪಾಧ್ಯಾಯನಾಗಿದ್ದ ಕಾಲದಲ್ಲಿ ಐದನೆಯ ತರಗತಿಯ ಬಾಲಕನೊಬ್ಬನು ಗಣಿತದ ಗಂಟೆಯಲ್ಲಿ ಪಕ್ಕದವನನ್ನು ಚಿವುಟುವುದನ್ನೂ, ಪೆನ್ಸಿಲಿನ ಡಬ್ಬಿಯನ್ನು ನೆಲಕ್ಕೆ ಬೀಳಿಸಿ ಸದ್ದು ಮಾಡುವುದನ್ನೂ ಅಭ್ಯಾಸ ಮಾಡಿಕೊಂಡಿದ್ದನು. ನಾನು ಪ್ರತಿದಿನವೂ ಅವನನ್ನು ಹೊರಗೆ ನಿಲ್ಲಿಸುತ್ತಿದ್ದೆನು. ಅವನು ಬಾವಿಕಟ್ಟೆಯ ಬಳಿ ನಿಂತು ಹಲಸಿನ ಮರದ ಅಳಿಲುಗಳನ್ನು ನೋಡುತ್ತಿದ್ದನು. ಮರುದಿನ ಡಬ್ಬಿಯು ಇನ್ನೂ ಐದು ನಿಮಿಷ ಮೊದಲೇ ಬೀಳುತ್ತಿತ್ತು. ನಾನು ದಂಡನೆಯೆಂದುಕೊಂಡುದು ಅವನಿಗೆ ಬಹುಮಾನವಾಗಿತ್ತು! ಮನೆಯಲ್ಲಿ ತುಳುವನ್ನಾಡುತ್ತಿದ್ದ ಆ ಬಾಲಕನಿಗೆ ಭಾಗಾಕಾರವು ಕಷ್ಟವಾಗಿರಲಿಲ್ಲ. ಪುಸ್ತಕದ ಕನ್ನಡ ವಾಕ್ಯಗಳನ್ನೋದಿ ಲೆಕ್ಕವೇನೆಂದು ತಿಳಿಯುವುದು ಕಷ್ಟವಾಗಿತ್ತು. ಇದು ನನಗೆ ತಿಳಿದುದು ವರ್ಷದ ಕೊನೆಯಲ್ಲಿ, ಅದೂ ಅವನ ಅಕ್ಕನ ಬಾಯಿಂದ. ಅಷ್ಟರಲ್ಲಿ ಅವನ ಒಂದು ವರ್ಷದ ಗಣಿತವು ಬಾವಿಕಟ್ಟೆಯ ಪಾಲಾಗಿತ್ತು.

1985ರಲ್ಲಿ ಕಾರ್ ಮತ್ತು ಡ್ಯೂರಂಡ್ ಎಂಬಿಬ್ಬರು ಪ್ರಕಟಿಸಿದ ಪ್ರಬಂಧವನ್ನೋದಿದಾಗ ನನಗೆ ಆ ಬಾಲಕನ ಮುಖವೇ ಕಣ್ಣಮುಂದೆ ಬಂದಿತು. ಅವರು ನಾಲ್ವರು ಮಕ್ಕಳನ್ನು ಆರಿಸಿಕೊಂಡರು. ಪಾಠ ಕಷ್ಟವಾದಾಗ ಗಲಭೆ ಮಾಡುವ ಮಗುವಿಗೆ 'ನನಗೆ ಅರ್ಥವಾಗಲಿಲ್ಲ' ಎಂದು ಹೇಳುವುದನ್ನೂ, ಗಮನಕ್ಕಾಗಿ ಗಲಭೆ ಮಾಡುವ ಮಗುವಿಗೆ 'ನಾನು ಚೆನ್ನಾಗಿ ಮಾಡುತ್ತಿದ್ದೇನೆಯೆ?' ಎಂದು ಕೇಳುವುದನ್ನೂ ಕಲಿಸಿದರು. ಕಾರಣಕ್ಕೆ ತಕ್ಕ ಮಾತನ್ನು ಕಲಿಸಿದಲ್ಲಿ ಗಲಭೆಯು ಇಳಿಯಿತು. ಕಾರಣಕ್ಕೆ ಹೊಂದದ ಮಾತನ್ನು ಕಲಿಸಿದಲ್ಲಿ ಇಳಿಯಲಿಲ್ಲ. ಬೆತ್ತವೂ ಬೇಕಾಗಲಿಲ್ಲ, ಬಾವಿಕಟ್ಟೆಯೂ ಬೇಕಾಗಲಿಲ್ಲ.

ಇಷ್ಟೊಂದು ಉಪಕಾರಿಯಾದ ವಿದ್ಯೆಗೆ ಕಟ್ಟುಪಾಡೇಕೆ ಎಂದು ಓದುಗರು ಕೇಳಬಹುದು. ಮಗುವಿನ ನಡತೆಯನ್ನು ತಿರುಗಿಸಬಲ್ಲ ಕೈಯು ಅದನ್ನು ಯಾವ ಕಡೆಗೂ ತಿರುಗಿಸಬಲ್ಲದು. ಮಾತು ಬಾರದ ಮಗುವಾದರೆ ದೂರು ಹೇಳಲೂ ಅರಿಯದು. ಫ್ಲಾರಿಡಾ ಸಂಸ್ಥಾನದ ಮಯಾಮಿಯಲ್ಲಿ ಬುದ್ಧಿಬೆಳವಣಿಗೆ ಕುಂಠಿತವಾದವರಿಗಾಗಿ ಸನ್‌ಲ್ಯಾಂಡ್ ಎಂಬ ಸರಕಾರಿ ನಿವಾಸವೊಂದಿತ್ತು. ಅಲ್ಲಿ 'ವರ್ತನೆಯ ತಿದ್ದುಪಡಿ' ಎಂಬ ಶಾಸ್ತ್ರೀಯ ಹೆಸರಿನಲ್ಲಿ ಏನು ನಡೆಯುತ್ತಿತ್ತೆಂಬುದು 1972ರಲ್ಲಿ ಬಯಲಾಯಿತು. ಮರದ ಹಲಗೆಯಿಂದ ಹೊಡೆಯುವುದು, ಸೋಪಿನ ಪುಡಿಯಿಂದ ಬಾಯಿ ತೊಳೆಸುವುದು, ಬಹಳ ಹೊತ್ತು ಕಟ್ಟಿಹಾಕುವುದು, ಒಂಟಿಯಾಗಿ ಕೂಡಿಹಾಕುವುದು, ಮತ್ತು ಮಕ್ಕಳೂ ಓದುವ ಈ ಪತ್ರಿಕೆಯಲ್ಲಿ ಬರೆಯಬಾರದ ಇತರ ಕೃತ್ಯಗಳು. ಮಾಡಿದವರು ಅದನ್ನೆಲ್ಲ ಚಿಕಿತ್ಸೆಯೆಂದೇ ಕರೆಯುತ್ತಿದ್ದರು. ವಿಚಾರಣೆಯ ಬಳಿಕ ತಜ್ಞರ ಸಮಿತಿಯೊಂದು ನೇಮಕವಾಗಿ, ಯಾವ ಉಪಾಯವನ್ನು ಯಾರು, ಯಾರ ಮೇಲ್ವಿಚಾರಣೆಯಲ್ಲಿ ಬಳಸಬಹುದೆಂಬ ನಿಯಮಗಳನ್ನು ರಚಿಸಿತು. ಮುಂದೆ 1980ರ ದಶಕದಲ್ಲಿ ಆ ಸಂಸ್ಥಾನವೇ ವರ್ತನಾ ವಿಶ್ಲೇಷಕರಿಗೆ ಪರೀಕ್ಷೆಯಿಟ್ಟು ಪ್ರಮಾಣಪತ್ರ ಕೊಡಲಾರಂಭಿಸಿತು. ಅದೇ ಪದ್ಧತಿಯು ಬೆಳೆದು 1998ರಲ್ಲಿ ಇಡಿಯ ದೇಶಕ್ಕೆ ಅನ್ವಯವಾಗುವ ಪ್ರಮಾಣಪತ್ರ ಮಂಡಳಿಯಾಯಿತು. ವೃತ್ತಿಯ ಕಟ್ಟಳೆಗಳು ಹುಟ್ಟಿದುದು ಹೀಗೆ, ಗಾಯಗೊಂಡವರ ಮೈಯಿಂದ.

ಕೀರ್ತಿವಂತರಾದವರ ಕೆಲಸದಲ್ಲಿಯೂ ಈ ನೆರಳು ಬಿದ್ದಿದೆ. ಲೋವಾಸ್ ಎಂಬ ಪ್ರಾಧ್ಯಾಪಕನು 1987ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಆಟಿಸಂ ಉಳ್ಳ 19 ಮಂದಿ ಎಳೆಯ ಮಕ್ಕಳಿಗೆ ವಾರಕ್ಕೆ 40 ಗಂಟೆಗಳಂತೆ ಎರಡು ವರ್ಷಗಳಿಗೂ ಮಿಕ್ಕಿ ಪಾಠ ನಡೆಯಿತು. ಅವರಲ್ಲಿ 9 ಮಂದಿ ಸಾಮಾನ್ಯ ತರಗತಿಗಳಲ್ಲಿ ಓದುವ ಮಟ್ಟಕ್ಕೆ ಬಂದರೆಂಬ ವರದಿಯು ಸಹಸ್ರಾರು ತಂದೆತಾಯಿಗಳಿಗೆ ಆಸೆಯನ್ನು ತಂದಿತು. ಆದರೆ ಗದರಿಕೆ ಮತ್ತು ತೊಡೆಯ ಮೇಲೆ ಏಟು ಕೂಡ ಆ ಪದ್ಧತಿಯಲ್ಲಿ ಸೇರಿದ್ದವು. ಅಂತಹ ಶಿಕ್ಷಣವನ್ನು ಎಳವೆಯಲ್ಲಿ ಪಡೆದು ಈಗ ದೊಡ್ಡವರಾದ ಆಟಿಸಂ ಉಳ್ಳವರಲ್ಲಿ ಹಲವರು ಕಟುವಾಗಿ ಆಕ್ಷೇಪಿಸಿದ್ದಾರೆ. ಬಲವಂತವಾಗಿ ಕಣ್ಣಿಗೆ ಕಣ್ಣಿಟ್ಟು ನೋಡಿಸಿದುದು, ಯಾರಿಗೂ ತೊಂದರೆಯಿಲ್ಲದ ಕೈಯಾಡಿಸುವಿಕೆಯನ್ನು ನಿಲ್ಲಿಸಿದುದು ಯಾರ ಹಿತಕ್ಕಾಗಿ ಎಂದು ಅವರು ಕೇಳುತ್ತಾರೆ. ಈ ಪ್ರಶ್ನೆಗೆ ಯಾವ ಪ್ರಮಾಣಪತ್ರವೂ ಉತ್ತರವಾಗಲಾರದೆಂದು ನನ್ನ ಅಭಿಪ್ರಾಯ. ತರಗತಿಯು ನಿಶ್ಶಬ್ದವಾದರೆ ಉಪಾಧ್ಯಾಯನಿಗೆ ಹಿತ. ಮಗುವಿಗೂ ಅದು ಹಿತವೇ ಎಂಬುದನ್ನು ಬೇರೆಯಾಗಿಯೇ ವಿಚಾರಿಸಬೇಕು.

ಇನ್ನು ಶಾಲೆಯ ಕಾನೂನಿಗೆ ಬರೋಣ. ಅಮೆರಿಕೆಯಲ್ಲಿ 1975ರಲ್ಲಿ ಅಂಗೀಕೃತವಾದ ಕಾಯಿದೆಯು ಅಂಗವೈಕಲ್ಯವುಳ್ಳ ಪ್ರತಿಯೊಂದು ಮಗುವಿಗೂ ಸಾರ್ವಜನಿಕ ಶಾಲೆಯಲ್ಲಿ ಉಚಿತವೂ ತಕ್ಕುದೂ ಆದ ಶಿಕ್ಷಣವು ದೊರೆಯಬೇಕೆಂದು ವಿಧಿಸಿತು. ಪ್ರತಿ ಮಗುವಿಗೂ ಪ್ರತ್ಯೇಕವಾದ ಶಿಕ್ಷಣ ಯೋಜನೆಯನ್ನು ಬರೆಯಬೇಕು. ಬರೆಯುವ ಮಂಡಲಿಯಲ್ಲಿ ತಂದೆತಾಯಿಗಳಿಗೂ ಸ್ಥಾನವಿರಬೇಕು. ಅಂಗವೈಕಲ್ಯದ ಫಲವಾದ ವರ್ತನೆಗಾಗಿ ಮಗುವನ್ನು ಶಾಲೆಯು ತಾನಾಗಿಯೇ ಅನಿರ್ದಿಷ್ಟ ಕಾಲ ಹೊರಹಾಕಲಾಗದೆಂದು 1988ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟು ತೀರ್ಪಿತ್ತಿತು. 1997ರ ತಿದ್ದುಪಡಿಯು ಇನ್ನೊಂದು ಹೆಜ್ಜೆ ಮುಂದಿಟ್ಟಿತು. ಮಗುವಿನ ವರ್ತನೆಯು ಅದರ ಅಥವಾ ಇತರರ ಕಲಿಕೆಗೆ ಅಡ್ಡಿಯಾದರೆ, ದಂಡನೆಗೆ ಬದಲಾಗಿ ಪೋಷಕವಾದ ಉಪಾಯಗಳನ್ನು ಆ ಮಂಡಲಿಯು ಆಲೋಚಿಸಬೇಕು. ಕೆಲವು ಸಂದರ್ಭಗಳಲ್ಲಿ ವರ್ತನೆಯ ಕಾರಣಶೋಧನೆಯನ್ನು ಮಾಡಿಸಲೇಬೇಕು.

ಆದರೆ ಆ ಕಾರಣಶೋಧನೆಯನ್ನು ಮಾಡುವವನ ಅರ್ಹತೆ ಏನಿರಬೇಕೆಂಬುದನ್ನು ಕೇಂದ್ರದ ಕಾಯಿದೆಯು ಬಿಡಿಸಿ ಹೇಳಲಿಲ್ಲ. ಆ ಭಾರವು ಸಂಸ್ಥಾನಗಳ ಮೇಲೆ ಬಿದ್ದಿತು. ಇದರಲ್ಲಿ ಕ್ಯಾಲಿಫೋರ್ನಿಯದ ಕಥೆಯು ಬೋಧಪ್ರದವಾಗಿದೆ. ಕೇಂದ್ರವು ಎಚ್ಚತ್ತುಕೊಳ್ಳುವ ಮೊದಲೇ, 1990ರಲ್ಲಿ, ಟೆರೆಸಾ ಹ್ಯೂಸ್ ಎಂಬ ಶಾಸಕಿಯ ಹೆಸರಿನಿಂದ ಪ್ರಸಿದ್ಧವಾದ ಮಸೂದೆಯು ಅಲ್ಲಿ ಕಾನೂನಾಯಿತು. ಅದರ ಮೇರೆಗೆ ರಚಿತವಾದ ನಿಯಮಗಳು, ಗಂಭೀರವಾದ ವರ್ತನೆಯ ತೊಂದರೆಯುಳ್ಳ ಮಗುವಿಗೆ ವಿಶೇಷ ತರಬೇತಿ ಪಡೆದ ವ್ಯಕ್ತಿಯೇ ಕೂಲಂಕಷವಾಗಿ ವಿಶ್ಲೇಷಣೆಯನ್ನು ನಡೆಸತಕ್ಕದ್ದೆಂದು ವಿಧಿಸಿದವು. ಮಾಡಕೂಡದವುಗಳ ಪಟ್ಟಿಯೂ ಇತ್ತು. ನೋವನ್ನುಂಟುಮಾಡುವ ಉಪಾಯಗಳು, ಮುಖದ ಬಳಿ ಘಾಟು ದ್ರವವನ್ನು ಸಿಂಪಡಿಸುವುದು, ನಿದ್ರೆ ಅನ್ನ ನೀರು ಶೌಚಾಲಯಗಳನ್ನು ತಡೆಯುವುದು, ಅವಮಾನಪಡಿಸುವುದು, ಬೀಗ ಹಾಕಿದ ಕೋಣೆಯಲ್ಲಿ ಕೂಡಿಹಾಕುವುದು. ತುರ್ತಿನಲ್ಲಿ ಮಗುವನ್ನು ಹಿಡಿದು ತಡೆಯಬೇಕಾಗಿ ಬಂದರೆ ಒಂದು ಶಾಲಾದಿನದೊಳಗೆ ಮನೆಯವರಿಗೆ ತಿಳಿಸತಕ್ಕದ್ದು, ವರದಿಯನ್ನು ಬರೆದಿಡತಕ್ಕದ್ದು. ಈ ಪಟ್ಟಿಯನ್ನು ಓದುವಾಗ ನನಗೆ ನಾಚಿಕೆಯೇ ಆಯಿತು. ಇಂತಹವುಗಳನ್ನು ನಿಷೇಧಿಸಬೇಕಾಗಿ ಬಂದಿತೆಂದರೆ ಎಲ್ಲಿಯೋ ಯಾರೋ ಅವುಗಳನ್ನು ಮಾಡಿದ್ದಿರಬೇಕು.

ಆ ನಿಯಮಗಳು ಇಪ್ಪತ್ತು ವರ್ಷಗಳಷ್ಟು ಕಾಲ ನಡೆದವು. ವೆಚ್ಚವನ್ನು ಯಾರು ಭರಿಸಬೇಕೆಂಬ ಬಗ್ಗೆ ಶಾಲಾಡಳಿತಗಳಿಗೂ ಸಂಸ್ಥಾನ ಸರಕಾರಕ್ಕೂ ದೀರ್ಘ ವಿವಾದ ನಡೆಯಿತು. ಕೊನೆಗೆ 2013ರಲ್ಲಿ ನಿಯಮಗಳನ್ನು ರದ್ದುಗೊಳಿಸಿ, ನಿಷೇಧಗಳನ್ನೂ ತುರ್ತು ವರದಿಯ ಕ್ರಮವನ್ನೂ ಕಾನೂನಿನಲ್ಲಿಯೇ ಸೇರಿಸಿ ಉಳಿಸಿಕೊಳ್ಳಲಾಯಿತು. ತಜ್ಞನ ವಿಚಾರದಲ್ಲಿ ಮಾತ್ರ ಪದಗಳು ಬದಲಾದವು. ಮಂಡಳಿಯಿಂದ ಪ್ರಮಾಣಪತ್ರ ಪಡೆದ ವರ್ತನಾ ವಿಶ್ಲೇಷಕನು ಈ ಕೆಲಸವನ್ನು ಮಾಡಬಹುದು. ಆದರೆ ಆತನನ್ನೇ ನೇಮಿಸಿಕೊಳ್ಳಬೇಕೆಂದು ಶಾಲಾಡಳಿತಕ್ಕೆ ಕಡ್ಡಾಯವಿಲ್ಲ.

ವ್ಯಾಕರಣವನ್ನು ಕಲಿಯುವುದರಿಂದೇನು ಪ್ರಯೋಜನವೆಂದು ಕೇಳುವ ವಿದ್ಯಾರ್ಥಿಗಳು ಇಲ್ಲಿ ಗಮನಿಸಬೇಕು. 'ಮಾಡತಕ್ಕದ್ದು' ಎಂಬುದಕ್ಕೂ 'ಮಾಡಬಹುದು' ಎಂಬುದಕ್ಕೂ ನಡುವಣ ಅಂತರದಲ್ಲಿ ಒಂದು ಮಗುವಿನ ಶಾಲಾಜೀವನವೇ ಅಡಗಿರಬಹುದು.

ಪ್ರಮಾಣಪತ್ರ ಪಡೆದ ವಿಶ್ಲೇಷಕನೆಂದರೆ ಸ್ನಾತಕೋತ್ತರ ಪದವಿಯನ್ನು ಪಡೆದು, ಸಾವಿರಕ್ಕೂ ಮಿಕ್ಕಿದ ಗಂಟೆಗಳ ಕಾಲ ಮೇಲ್ವಿಚಾರಣೆಯಲ್ಲಿ ಕೆಲಸ ಮಾಡಿ, ಪರೀಕ್ಷೆಯಲ್ಲಿ ಉತ್ತೀರ್ಣನಾದವನು. ಆದರೆ ದಿನವಿಡೀ ಮಗುವಿನ ಪಕ್ಕದಲ್ಲಿ ಕುಳಿತುಕೊಳ್ಳುವವರು ಹೆಚ್ಚಾಗಿ ಅವರಲ್ಲ. 2014ರಲ್ಲಿ ಅದೇ ಮಂಡಳಿಯು ಸಹಾಯಕರಿಗಾಗಿ ಬೇರೊಂದು ದರ್ಜೆಯನ್ನು ನಿರ್ಮಿಸಿತು. ಹೈಸ್ಕೂಲು ಮುಗಿಸಿ 18 ವರ್ಷ ತುಂಬಿದವರು 40 ಗಂಟೆಗಳ ತರಬೇತಿಯನ್ನೂ ಪರೀಕ್ಷೆಯನ್ನೂ ಮುಗಿಸಿದರೆ ಈ ದರ್ಜೆಗೆ ಸೇರಬಹುದು. ಅವರು ಕೆಲಸ ಮಾಡುವ ಗಂಟೆಗಳಲ್ಲಿ ನೂರಕ್ಕೆ ಐದರಷ್ಟಾದರೂ ಮೇಲಿನವರ ನಿಗಾ ಇರಬೇಕು. ನೂರಕ್ಕೆ ಐದು! ಉಳಿದ ತೊಂಬತ್ತೈದು ಗಂಟೆಗಳಲ್ಲಿ ಆ ಸಹಾಯಕನ ತಾಳ್ಮೆಯೇ ಮಗುವಿಗೆ ರಕ್ಷೆ. ಆದುದರಿಂದ ಬರಿಯ ಬಿರುದನ್ನು ಕಂಡು ನೆಮ್ಮದಿಗೊಳ್ಳದೆ, ದಿನವೂ ಮಗುವಿನೊಡನೆ ಇರುವವರಾರು, ಅವರನ್ನು ಎಷ್ಟು ದಿನಕ್ಕೊಮ್ಮೆ ಯಾರು ಬಂದು ನೋಡುತ್ತಾರೆ ಎಂದು ಕೇಳುವುದು ಮನೆಯವರ ಹಕ್ಕು, ಕರ್ತವ್ಯವೂ ಹೌದು.

2009ರಿಂದೀಚೆಗೆ ಸಂಸ್ಥಾನಗಳು ಒಂದೊಂದಾಗಿ ವರ್ತನಾ ವಿಶ್ಲೇಷಕರಿಗೆ ಪರವಾನಗಿ ಕಾನೂನುಗಳನ್ನು ಮಾಡಿವೆ. ವೈದ್ಯನಂತೆ, ವಕೀಲನಂತೆ, ಇವರೂ ಪರವಾನಗಿಯಿಲ್ಲದೆ ವೃತ್ತಿ ನಡೆಸಬಾರದು. ತಪ್ಪು ಮಾಡಿದರೆ ಪರವಾನಗಿಯನ್ನು ಕಿತ್ತುಕೊಳ್ಳಬಹುದು. ಆದರೆ ಹಲವು ಸಂಸ್ಥಾನಗಳ ಕಾನೂನುಗಳು ಶಾಲೆಯ ಸಿಬ್ಬಂದಿಗೆ ವಿನಾಯಿತಿಯನ್ನಿತ್ತಿವೆ. ಅಂತಹ ಕಡೆಗಳಲ್ಲಿ ಚಿಕಿತ್ಸಾಲಯದಲ್ಲಿ ಪರವಾನಗಿ ಬೇಕಾದ ಕೆಲಸಕ್ಕೆ ಶಾಲೆಯ ಹೊಸ್ತಿಲು ದಾಟಿದೊಡನೆ ಬೇಕಾಗುವುದಿಲ್ಲ. ಈ ವಿನಾಯಿತಿಯನ್ನು ತೆಗೆಯಬೇಕೆ ಎಂಬುದೇ ಅಲ್ಲಿನ ಚರ್ಚೆ.

ಶಾಲೆಗಳ ಪರವಾಗಿ ಹೇಳುವವರ ಮಾತಿನಲ್ಲಿಯೂ ಹುರುಳಿದೆ. ನಾನೂ ಒಬ್ಬ ಮುಖ್ಯೋಪಾಧ್ಯಾಯನಾದುದರಿಂದ ಅದು ನನಗೆ ಚೆನ್ನಾಗಿ ತಿಳಿಯುತ್ತದೆ. ಪರವಾನಗಿಯುಳ್ಳವರು ಹಳ್ಳಿಗಾಡಿನ ಶಾಲೆಗಳಿಗೆ ಸುಲಭವಾಗಿ ದೊರೆಯರು, ದೊರೆತರೂ ಸಂಬಳ ಕೊಡಲಾಗದು. ಮೇಲಾಗಿ, ಚೆನ್ನಾಗಿ ಓದಿದ ಬಾಲಕಿಯ ಬೆನ್ನು ತಟ್ಟುವುದು, ಗಲಾಟೆ ಮಾಡಿದವನನ್ನು ಮುಂದಿನ ಬೆಂಚಿಗೆ ಕರೆಯುವುದು, ಇವೂ ವರ್ತನೆಯನ್ನು ತಿದ್ದುವ ಕೆಲಸಗಳೇ ಅಲ್ಲವೆ? ಇವಕ್ಕೂ ಪರವಾನಗಿ ಬೇಕೆಂದರೆ ಉಪಾಧ್ಯಾಯವೃತ್ತಿಯೇ ನಿಂತುಹೋದೀತು. ಈ ಆಕ್ಷೇಪವನ್ನು ನಾನು ಒಪ್ಪುತ್ತೇನೆ. ಆದರೆ ಒಂದು ಮಗುವನ್ನು ಬೇರ್ಪಡಿಸಿ, ಅದರ ಹೆಸರಿನಲ್ಲಿ ಕಡತವೊಂದನ್ನು ತೆರೆದು, ಅದು ಯಾವಾಗ ತಿನ್ನಬೇಕು, ಯಾವಾಗ ಆಡಬೇಕು, ಯಾವುದಕ್ಕೆ ಬಹುಮಾನ ಎಂಬುದನ್ನು ಯೋಜಿಸತೊಡಗಿದಾಗ ಅದು ತರಗತಿಯ ಸಹಜ ಶಿಸ್ತನ್ನು ಮೀರಿದ ಕೆಲಸವಾಗುತ್ತದೆ. ಅಲ್ಲಿ ವೆಚ್ಚದ ನೆಪವು ಸಲ್ಲದು. ಹಲ್ಲು ಕೀಳುವವನು ಶಾಲೆಯ ಒಳಗೆ ಕುಳಿತು ಕಿತ್ತರೆ ಅವನಿಗೆ ವಿದ್ಯೆ ಬೇಡವೆನ್ನುತ್ತೇವೆಯೆ?

ಯೋಜನೆಯು ನೆಟ್ಟಗಿಲ್ಲದಿದ್ದರೆ ಏನಾಗುವುದೆಂಬುದಕ್ಕೆ 'ಎಂಡ್ರ್ಯೂ ಎಫ್.' ಎಂಬ ಮೊಕದ್ದಮೆಯು ನಿದರ್ಶನ. ಕೊಲರಾಡೊ ಸಂಸ್ಥಾನದ ಆ ಬಾಲಕನಿಗೆ ಆಟಿಸಂ ಇತ್ತು. ನೊಣ ಕಂಡರೂ, ನೀರು ಚೆಲ್ಲಿದರೂ ಅತಿಯಾದ ಭಯ. ತರಗತಿಯಲ್ಲಿ ಕಿರಿಚುವುದು, ಪೀಠೋಪಕರಣಗಳ ಮೇಲೆ ಹತ್ತುವುದು, ಓಡಿಹೋಗುವುದು. ಶಾಲೆಯ ಯೋಜನೆಯು ವರ್ಷ ವರ್ಷವೂ ಹೆಚ್ಚುಕಡಿಮೆ ಅದೇ ಗುರಿಗಳನ್ನು ನಕಲು ಮಾಡುತ್ತಿತ್ತೆಂದು ತಂದೆತಾಯಿಗಳು ದೂರಿದರು. 2010ರಲ್ಲಿ ಅವನನ್ನು ಖಾಸಗಿ ಶಾಲೆಯೊಂದಕ್ಕೆ ಸೇರಿಸಿದರು. ಅಲ್ಲಿ ವರ್ತನೆಗಾಗಿ ಬೇರೊಂದು ಯೋಜನೆಯನ್ನು ಮಾಡಿ, ಕಲಿಕೆಯ ಗುರಿಗಳನ್ನೂ ಎತ್ತರಿಸಲಾಗಿ, ಕೆಲವೇ ತಿಂಗಳುಗಳಲ್ಲಿ ಅವನ ನಡತೆಯೂ ಓದೂ ಸುಧಾರಿಸಿದವು. ಮೊಕದ್ದಮೆಯು ಸುಪ್ರೀಂ ಕೋರ್ಟಿನವರೆಗೆ ಹೋಯಿತು. ಮಗುವಿಗೆ ಏನೋ ಅಲ್ಪಸ್ವಲ್ಪ ಲಾಭವಾದರೆ ಸಾಕೆಂಬ ಕೆಳಗಿನ ಕೋರ್ಟಿನ ಅಳತೆಗೋಲನ್ನು ನ್ಯಾಯಾಧೀಶರು 2017ರ ಮಾರ್ಚಿಯಲ್ಲಿ ಏಕಮತದಿಂದ ತಳ್ಳಿಹಾಕಿದರು. ಆ ಮಗುವಿನ ಪರಿಸ್ಥಿತಿಗೆ ತಕ್ಕ ಪ್ರಗತಿಯನ್ನು ಸಾಧಿಸುವಂತೆ ಯೋಜನೆಯು ರಚಿತವಾಗಿರಬೇಕೆಂದು ತೀರ್ಮಾನಿಸಿದರು.

ಹಿರಿಯರ ಕೈಯಲ್ಲಿದ್ದ ಕಾಗದಕ್ಕೆ ಈಗ ಮರಳುತ್ತೇನೆ. ಅದು ಕಾನೂನು ವಿಧಿಸಿದ ಕಾಗದವೇ. ಕ್ಯಾಲಿಫೋರ್ನಿಯದಲ್ಲಿ ಇಂತಹ ಪರಿಶೀಲನೆಯ ಯೋಜನೆಯನ್ನು ಮನೆಯವರಿಗೆ ಕಳುಹಿಸಿ, ಆಲೋಚಿಸಲು 15 ದಿನಗಳಾದರೂ ಅವಕಾಶವನ್ನು ಕೊಡಬೇಕು. ಸಹಿ ಬಂದ ಮೇಲೆ 60 ದಿನಗಳೊಳಗೆ ಪರಿಶೀಲನೆಯನ್ನು ಮುಗಿಸಿ ಸಭೆಯನ್ನು ಕರೆಯಬೇಕು. ಪರಿಶೀಲನೆಗೆ ಹಾಕಿದ ಸಹಿಯು ಮುಂದಿನ ಸೇವೆಗೆ ಹಾಕಿದ ಸಹಿಯಾಗುವುದಿಲ್ಲ. ಎರಡೂ ಬೇರೆ ಬೇರೆ ಎಂದು ಕಾನೂನು ಸ್ಪಷ್ಟವಾಗಿ ಹೇಳುತ್ತದೆ. ಫಲಿತಾಂಶವು ಒಪ್ಪಿಗೆಯಾಗದಿದ್ದರೆ ಹೊರಗಿನ ತಜ್ಞರಿಂದ ಸ್ವತಂತ್ರವಾದ ಪರಿಶೀಲನೆಯನ್ನು ಸಾರ್ವಜನಿಕ ವೆಚ್ಚದಿಂದಲೇ ಮಾಡಿಸಿಕೊಡಿರೆಂದು ಕೇಳಬಹುದು. ಕೇಂದ್ರದ ಕಾಯಿದೆಯಲ್ಲಿ ಇನ್ನೂ ಒಂದು ಮಾತಿದೆ. ಮನೆಯವರಿಗೆ ಕೊಡುವ ತಿಳಿವಳಿಕೆಯು ಅವರ ಸ್ವಂತ ಭಾಷೆಯಲ್ಲಿರಬೇಕು. ಮಗುವಿನ ಪರೀಕ್ಷೆಯೂ ಮಗುವಿನ ಭಾಷೆಯಲ್ಲಿ ನಡೆಯಬೇಕು. ಸಾಧ್ಯವೇ ಇಲ್ಲವೆಂದು ಸ್ಪಷ್ಟವಾಗಿದ್ದಲ್ಲಿ ಮಾತ್ರ ವಿನಾಯಿತಿ.

ಗಡಿನಾಡಿನವರಾದ ನಾವು ಈ ಕೊನೆಯ ಮಾತನ್ನು ಎರಡು ಸಲ ಓದಬೇಕು. ಹಿಂದೊಮ್ಮೆ ನಮ್ಮ ಶಾಲೆಯ ಬಾಲಕಿಯೊಬ್ಬಳನ್ನು ನೋಡಲು ಬಂದ ಪರೀಕ್ಷಕರಿಗೆ ಮಲಯಾಳವಲ್ಲದೆ ಬೇರೆ ಭಾಷೆಯು ಬರುತ್ತಿರಲಿಲ್ಲ. ಅವರು ಒಳ್ಳೆಯ ಮನಸ್ಸಿನವರೇ. ಆದರೆ 'ಸೂಚನೆಗಳನ್ನು ಪಾಲಿಸುವುದಿಲ್ಲ' ಎಂದು ಬರೆದರು. ತಿಳಿಯದ ಸೂಚನೆಯನ್ನು ಆ ಮಗು ಪಾಲಿಸುವುದಾದರೂ ಹೇಗೆ? ನಾನು ಪಕ್ಕದಲ್ಲಿಯೇ ನಿಂತಿದ್ದೆ. ಸಂಕೋಚದಿಂದ ಮಾತನಾಡಲಿಲ್ಲ. ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ತಾಯ್ನುಡಿಯ ಶಿಕ್ಷಣದ ಸೌಕರ್ಯವಿರಬೇಕೆಂದು ನಮ್ಮ ಸಂವಿಧಾನಕ್ಕೆ 1956ರಲ್ಲಿ ಸೇರಿದ 350ಎ ಅನುಚ್ಛೇದವು ಹೇಳುತ್ತದೆ. ಪಾಠವು ತಾಯ್ನುಡಿಯಲ್ಲಿರಬೇಕಾದರೆ, ಪಾಠ ಬಾರದ ಮಗುವನ್ನು ಅಳೆಯುವ ಪರೀಕ್ಷೆಯು ಮತ್ತಾವ ನುಡಿಯಲ್ಲಿರಬೇಕು?

ನಮ್ಮ ದೇಶದಲ್ಲಿ ವರ್ತನಾ ವಿಶ್ಲೇಷಕರಿಗೆಂದೇ ಮಾಡಿದ ಪರವಾನಗಿ ಕಾನೂನಿಲ್ಲ. ಅಮೆರಿಕೆಯ ಮಂಡಳಿಯೂ 2023ರಿಂದ ಭಾರತದ ಹೊಸ ಅಭ್ಯರ್ಥಿಗಳಿಗೆ ಪ್ರಮಾಣಪತ್ರ ಕೊಡುವುದನ್ನು ನಿಲ್ಲಿಸಿದೆ. ಆದರೂ ನಾವು ಬರಿಗೈಯವರಲ್ಲ. 1992ರ ಭಾರತೀಯ ಪುನರ್ವಸತಿ ಪರಿಷತ್ತಿನ ಕಾಯಿದೆಯಂತೆ ವಿಶೇಷ ಶಿಕ್ಷಕರ, ಚಿಕಿತ್ಸಾ ಮನಶ್ಶಾಸ್ತ್ರಜ್ಞರ ಹೆಸರುಗಳನ್ನು ನೋಂದಾಯಿಸುವ ಕ್ರಮವಿದೆ. ಪೇಟೆಯಲ್ಲಿ ಬೋರ್ಡು ಹಾಕಿಕೊಂಡವರ ಬಳಿಗೆ ಮಗುವನ್ನು ಕರೆದುಕೊಂಡು ಹೋಗುವ ರಕ್ಷಕರು ಮೊದಲು ಅವರ ನೋಂದಣಿಯ ಸಂಖ್ಯೆಯನ್ನು ಕೇಳಲು ಹಿಂಜರಿಯಬಾರದು. 2009ರ ಶಿಕ್ಷಣ ಹಕ್ಕಿನ ಕಾಯಿದೆಯ 17ನೆಯ ಪ್ರಕರಣವು ದೈಹಿಕ ದಂಡನೆಯನ್ನೂ ಮಾನಸಿಕ ಹಿಂಸೆಯನ್ನೂ ನಿಷೇಧಿಸಿದೆ. 2016ರ ಅಂಗವಿಕಲರ ಹಕ್ಕುಗಳ ಕಾಯಿದೆಯು ಆಟಿಸಂ ಅನ್ನೂ ತನ್ನ ಪಟ್ಟಿಯಲ್ಲಿ ಸೇರಿಸಿಕೊಂಡಿದೆ.

ನಮ್ಮ ಶಾಲೆಯಲ್ಲಿ ಈ ವರ್ಷದಿಂದ ಒಂದು ಸಣ್ಣ ಕ್ರಮವನ್ನಿಟ್ಟುಕೊಂಡಿದ್ದೇವೆ. ಯಾವ ಮಗುವನ್ನಾದರೂ ಮೂರನೆಯ ಸಲ ಗದರಿಸಬೇಕಾಗಿ ಬಂದರೆ ಉಪಾಧ್ಯಾಯರು ಒಂದು ಪುಸ್ತಕದಲ್ಲಿ ಮೂರು ಕಂಬಸಾಲುಗಳನ್ನು ತುಂಬುತ್ತಾರೆ: ಮೊದಲು ಏನಾಯಿತು, ಮಗು ಏನು ಮಾಡಿತು, ಅನಂತರ ನಾವು ಏನು ಮಾಡಿದೆವು. ಮನೆಯವರನ್ನು ಕರೆದು ಆ ಪುಸ್ತಕವನ್ನು ತೋರಿಸುತ್ತೇವೆ. ಅದಕ್ಕಿಂತ ಮುಂದಿನ ಯಾವ ಕೆಲಸವನ್ನೂ ನಾವು ಸ್ವಂತ ಬುದ್ಧಿಯಿಂದ ಮಾಡುವುದಿಲ್ಲ. ನಮಗೆ ಆ ವಿದ್ಯೆಯಿಲ್ಲ. ಮೂರನೆಯ ಸಾಲನ್ನು ತುಂಬುವುದೇ ನಮಗೆಲ್ಲರಿಗೂ ಕಷ್ಟವಾಗಿದೆಯೆಂದು ಒಪ್ಪಿಕೊಳ್ಳುತ್ತೇನೆ.

ಹಿರಿಯರ ಮಗಳು ಸಹಿ ಹಾಕಿದಳು. ಹಾಕುವ ಮೊದಲು ಮೂರು ಪ್ರಶ್ನೆಗಳನ್ನು ಬರೆದು ಕಳುಹಿಸಿದಳು. ಪರಿಶೀಲಿಸುವವರ ಅರ್ಹತೆಯೇನು? ದಿನವೂ ಹುಡುಗನ ಜೊತೆಗಿರುವವರಾರು? ಹುಡುಗನು ಮನೆಯಲ್ಲಿ ಕನ್ನಡವನ್ನೇ ಆಡುತ್ತಾನೆಂಬುದು ನಿಮಗೆ ತಿಳಿದಿದೆಯೆ? ಮೂರನೆಯದು ಶಾಲೆಯವರಿಗೆ ತಿಳಿದಿರಲಿಲ್ಲ. ಇಂಗ್ಲಿಷನ್ನು ಚೆನ್ನಾಗಿ ಓದುತ್ತಾನಾದುದರಿಂದ ಯಾರೂ ಕೇಳಿರಲಿಲ್ಲ. ಎರಡು ತಿಂಗಳಲ್ಲಿ ವರದಿ ಬಂದಿತು. ಊಟದ ಹಾಲಿನ ಗದ್ದಲದಿಂದ ನೇರವಾಗಿ ತರಗತಿಗೆ ಬಂದ ದಿನಗಳಲ್ಲಿಯೇ ಕಿರಿಚಾಟವು ಹೆಚ್ಚೆಂದೂ, ಮೇಜಿನಡಿಯು ಅವನಿಗೆ ಸದ್ದಿನಿಂದ ಬಿಡುಗಡೆಯ ತಾಣವೆಂದೂ ಅದರಲ್ಲಿತ್ತು. ತಲೆ ಸರಿಯಿಲ್ಲವೆಂದು ಎಲ್ಲಿಯೂ ಬರೆದಿರಲಿಲ್ಲ. ಊಟವಾದ ಮೇಲೆ ಹತ್ತು ನಿಮಿಷ ಗ್ರಂಥಾಲಯದಲ್ಲಿ ಕುಳಿತುಕೊಳ್ಳಲು ಬಿಡಬೇಕು, ಮತ್ತು ಕಿರಿಚುವುದಕ್ಕೆ ಮೊದಲೇ ವಿರಾಮವನ್ನು ಕೇಳಿಕೊಳ್ಳುವ ಮಾತನ್ನು ಕಲಿಸಬೇಕು ಎಂಬುದು ಯೋಜನೆ. ಮನೆಯ ಮಾತಿನಲ್ಲಿ ಅವನು ಅದನ್ನು ಏನೆಂದು ಹೇಳುತ್ತಾನೆ, ನಾವೂ ಆ ಪದವನ್ನು ಕಲಿತುಕೊಳ್ಳುತ್ತೇವೆ ಎಂದು ಶಾಲೆಯವರು ಕೇಳಿದ್ದರು.

ದೀಪಾವಳಿಯ ಮರುದಿನ ಹಿರಿಯರು ಮತ್ತೆ ಬಂದರು. ಯಾವ ಪದವನ್ನು ಆರಿಸಿದಿರೆಂದು ಕೇಳಿದೆ.

"ನಾವು ಆರಿಸಲಿಲ್ಲ, ಮಾಸ್ತ್ರೇ. ಅವನೇ ಆರಿಸಿದ. ಟೆಲಿಫೋನಿನಲ್ಲಿ ನಾನು ಹೆಚ್ಚು ಮಾತನಾಡಿದರೆ 'ಸಾಕು ಅಜ್ಜ' ಎನ್ನುತ್ತಾನಲ್ಲ, ಅದೇ. ಅಲ್ಲಿನ ಟೀಚರಮ್ಮನಿಗೂ ಈಗ 'ಸಾಕು' ಎಂದರೆ ತಿಳಿಯುತ್ತದಂತೆ."